ಹನುಮಯ್ಯ ಮೇಷ್ಟ್ರ ಬೀಡಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಆದರೆ ಮುಚ್ಚಿಟ್ಟುಕೊಳ್ಳುವ ವಯಸ್ಸೂ ಇದಲ್ಲ. ಇಪ್ಪತ್ತಾರು ವರ್ಷ ಪೀಣ್ಯದ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ಮಕ್ಕಳು ಎದುರಿಗೆ ಕಮಲಮ್ಮ ಮಿಸ್ ಎನ್ನುತ್ತಿದ್ದರು. ಹಿಂದಿನಿಂದ ಏನೆನ್ನುತ್ತಿದ್ದರೆಂದು ನನಗೆ ಗೊತ್ತಿತ್ತು, ಅದಕ್ಕೂ ಸಿಟ್ಟು ಮಾಡಿಕೊಂಡದ್ದುಂಟು. ಆ ಸಿಟ್ಟಿನಲ್ಲಿ ನಾನಾಡಿದ ಒಂದು ಮಾತು ನಮ್ಮ ಹನುಮಯ್ಯ ಮೇಷ್ಟ್ರ ಅನ್ನಕ್ಕೆ ಕಲ್ಲು ಹಾಕಿತು. ಅವರ ಬಗ್ಗೆ ಬರೆಯೋಣವೆಂದು ಕೂತರೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಗಿನಿಂದ ಎರಡು ಸಲ ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸರಿಸಿ ಬಂದಿದ್ದೇನೆ.

ಹನುಮಯ್ಯನವರು ನಮ್ಮ ಪಿ.ಟಿ. ಮೇಷ್ಟ್ರು. ಪೀಣ್ಯಕ್ಕೆ ಕಾರ್ಖಾನೆ ಬರುವ ಮೊದಲೇ ಅಲ್ಲಿ ನೆಲೆ ನಿಂತಿದ್ದ ಮನೆತನ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಆಗಲೇ ನಟ್ಟು ಬೋಲ್ಟು ಮಾಡುವ ಶೆಡ್ಡುಗಳಿದ್ದವು. ವಯಸ್ಸಿನಲ್ಲಿ ಹನುಮಯ್ಯನವರು ಊರಿನ ಕಬಡ್ಡಿ ತಂಡದ ರೈಡರ್. ಮೂರು ಜನ ಕಾಲಿಗೆ ಜೋತುಬಿದ್ದರೂ ಕಬಡ್ಡಿ ಕಬಡ್ಡಿ ಎನ್ನುವುದನ್ನು ನಿಲ್ಲಿಸದೆ ಎಳೆದುಕೊಂಡೇ ಬಂದು ಗೆರೆ ಮುಟ್ಟುತ್ತಿದ್ದರಂತೆ. ದಾಸರಹಳ್ಳಿಯ ಕಡೆಯ ಹಳಬರು ಟೀ ಅಂಗಡಿಯಲ್ಲಿ ಇವತ್ತಿಗೂ ಅವರ ಉಸಿರಿನ ಮಾತಾಡುತ್ತಾರೆ. ಆ ಹೆಸರಿನ ಮೇಲೇ ನಮ್ಮ ಶಾಲೆ ಅವರನ್ನು ತೆಗೆದುಕೊಂಡಿದ್ದು.

ತೆಗೆದುಕೊಂಡಿದ್ದು ಎಂದರೆ ಖಾಯಂ ಆಗಿ ಅಲ್ಲ. ಪ್ರತಿ ಏಪ್ರಿಲ್‌ನಲ್ಲಿ ಬಿಡುಗಡೆ, ಪ್ರತಿ ಜೂನ್‌ನಲ್ಲಿ ಮತ್ತೆ ಹೊಸ ಆರ್ಡರ್. ಹೀಗೆ ಹದಿಮೂರು ವರ್ಷ. 2012ರ ಜೂನ್‌ಗೆ ಪಿ.ಟಿ. ಹುದ್ದೆಯನ್ನು ಖಾಯಂ ಮಾಡುವುದೆಂದು ಆಡಳಿತ ಮಂಡಳಿ ಕೊನೆಗೂ ತೀರ್ಮಾನಿಸಿತ್ತು. ಹದಿಮೂರು ವರ್ಷ ದುಡಿದವರಿಗೇ ಅದು ಸಿಗಬೇಕಾದದ್ದು ನ್ಯಾಯ. ಆದರೆ ಮಂಡಳಿಯ ಕಾರ್ಯದರ್ಶಿಗಳ ಅಣ್ಣನ ಮಗ ಅದೇ ವರ್ಷ ಬಿ.ಪಿ.ಇಡಿ. ಮುಗಿಸಿ ಮನೆಯಲ್ಲಿ ಕೂತಿದ್ದ. ಹನುಮಯ್ಯನವರ ಫೈಲಿನಲ್ಲಿ ಒಂದು ಕಪ್ಪು ಚುಕ್ಕೆ ಸಿಕ್ಕರೆ ಸಾಕು ಎಂದು ಕಾಯುವವರು ಕಾಯುತ್ತಲೇ ಇದ್ದರು. ಆ ಚುಕ್ಕೆ ಇಟ್ಟವಳು ನಾನು.

2011ರ ನವೆಂಬರ್. ಬೆಳಿಗ್ಗೆ ಒಳ್ಳೆ ಚಳಿ. ಪ್ರಾರ್ಥನೆಗೆ ಇನ್ನೂ ಹತ್ತು ನಿಮಿಷವಿತ್ತು. ನೀರಿನ ಟ್ಯಾಂಕಿನ ಕಂಬದ ಹಿಂದೆ ಹನುಮಯ್ಯನವರು ನಿಂತಿದ್ದರು. ಕೈ ಬಾಯಿಗೆ ಅಡ್ಡ, ತಲೆ ಮೇಲಕ್ಕೆ. ಸ್ವಲ್ಪ ಹೊತ್ತು ಹಾಗೇ ಉಸಿರು ಹಿಡಿದು, ಆಮೇಲೆ ನಿಧಾನವಾಗಿ ಬಿಟ್ಟರು. ಬಾಯಿಂದ ಬೆಳ್ಳಗೆ ಹೊಗೆ. ಆ ಚಳಿಗೆ ನನ್ನ ಬಾಯಿಂದಲೂ ಬರುತ್ತಿತ್ತು ಅಂಥದೇ ಹೊಗೆ, ವಿಜ್ಞಾನದ ಟೀಚರಿಗೆ ಅದು ಹೊಳೆಯಲಿಲ್ಲ. ಸೀದಾ ಹೆಡ್‌ಮಾಸ್ಟರ್ ನಂಜಪ್ಪನವರ ಕೋಣೆಗೆ ನುಗ್ಗಿದೆ.

"ಮಕ್ಕಳಿಗೆ ವ್ಯಾಯಾಮ ಹೇಳಿಕೊಡೋ ಮನುಷ್ಯ ಶಾಲೆ ಒಳಗೇ ಬೀಡಿ ಸೇದ್ತಾರೆ ಸಾರ್. ನೀವು ಕೇಳ್ತೀರೋ, ನಾನೇ ಕಾರ್ಯದರ್ಶಿಗಳಿಗೆ ಹೇಳ್ಲೋ?"

ನಂಜಪ್ಪನವರು ಸಾಧು ಮನುಷ್ಯ, ಕಾರ್ಯದರ್ಶಿ ಎಂಬ ಪದಕ್ಕೇ ಬೆವರುವವರು. ಹನುಮಯ್ಯನವರನ್ನು ಕರೆಸಿ ನನ್ನೆದುರೇ ಕೇಳಿದರು. ಹನುಮಯ್ಯನವರು ನನ್ನನ್ನು ನೋಡಿದರು, ಹೆಡ್‌ಮಾಸ್ಟರನ್ನು ನೋಡಿದರು. ಅವರ ಕೈ ಪ್ಯಾಂಟಿನ ಜೇಬಿನೊಳಗೇ ಇತ್ತು.

"ಊಂ ಸಾರ್. ಬೀಡಿನೇ. ಇನ್ಮೇಲೆ ಸೇದಲ್ಲ."

ಹಾಗೆಂದು ಒಂದು ಕಾಗದದಲ್ಲಿ ಬರೆದು ಸಹಿಯನ್ನೂ ಹಾಕಿದರು. ನನಗೆ ಎಂಥ ಸಮಾಧಾನ ಗೊತ್ತೇ, ಆವತ್ತು ಮಧ್ಯಾಹ್ನ ಡಬ್ಬಿಯ ಊಟ ಎರಡರಷ್ಟು ರುಚಿಸಿತು. ಅದು ಬೀಡಿಯಾಗಿರಲಿಲ್ಲ. ಅವರಿಗೆ ಹನ್ನೊಂದು ವರ್ಷದಿಂದ ಉಬ್ಬಸವಿತ್ತು, ಜೇಬಿನಲ್ಲಿದ್ದದ್ದು ಇನ್‌ಹೇಲರ್. ನನಗೆ ಅದು ತಿಳಿಯಲು ಎರಡು ತಿಂಗಳು ಬೇಕಾಯಿತು.

ಜನವರಿಯಲ್ಲಿ ಆರೋಗ್ಯ ಕೇಂದ್ರದಿಂದ ಒಂದು ಪತ್ರ ಬಂತು. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳ ಕೆಲಸ ನಡೆಯುತ್ತಿದ್ದ ಕಾಲ ಅದು. ಕಾರ್ಖಾನೆಗಳ ಹೊಗೆ ಸಾಲದೆಂದು ಧೂಳು ಬೇರೆ. ಸುತ್ತಲಿನ ಶಾಲೆಗಳಲ್ಲಿ ಮಕ್ಕಳಿಗೆ ಉಬ್ಬಸ ಹೆಚ್ಚುತ್ತಿದೆ, ಪಕ್ಕದಲ್ಲಿದ್ದವರಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಏನು ಮಾಡಬೇಕೆಂದು ಮಕ್ಕಳಿಗೇ ಕಲಿಸಿರಿ ಎಂದಿತ್ತು ಪತ್ರದಲ್ಲಿ. ಒಬ್ಬಳು ನರ್ಸ್ ಬಂದು ವಿಜ್ಞಾನದ ಟೀಚರಿಗೂ ಪಿ.ಟಿ. ಮೇಷ್ಟ್ರಿಗೂ ಅರ್ಧ ಗಂಟೆಯಲ್ಲಿ ಹೇಳಿಕೊಟ್ಟು, ಒಂದು ಚಾರ್ಟು, ಔಷಧವಿಲ್ಲದ ಒಂದು ಇನ್‌ಹೇಲರ್ ಕೊಟ್ಟು ಹೋದಳು. ಹದಿನೈದು ದಿನ ಬಿಟ್ಟು ಶನಿವಾರ ಎಂಟನೇ ತರಗತಿಯ ಮಕ್ಕಳು ಡಾಕ್ಟರ್ ಮುಂದೆ, ಆಡಳಿತ ಮಂಡಳಿಯ ಮುಂದೆ ಮಾಡಿ ತೋರಿಸಬೇಕು. ಅಂದಿನಿಂದ ಶುರುವಾದ ಚಡಪಡಿಕೆ ಆ ಶನಿವಾರದ ತನಕ ಬಿಡಲಿಲ್ಲ. ನನ್ನದು ಚಾರ್ಟು ಬಾಯಿಪಾಠವಾಗಲಿಲ್ಲವೆಂಬ ಚಡಪಡಿಕೆ. ಹನುಮಯ್ಯನವರದು ಏನೆಂದು ನಾನು ಕೇಳಲೂ ಇಲ್ಲ.

ಮೊದಲ ದಿನ ಪಾಠ ನನ್ನದು. ಇನ್‌ಹೇಲರನ್ನು ಬಾಯಿಯ ಮುಂದೆ ಒಂದು ಗೇಣು ದೂರ ಹಿಡಿದು ಸೆಂಟು ಹೊಡೆದಂತೆ ಪುಸ್ ಅನ್ನಿಸಿದೆ. ಮಕ್ಕಳು ಕಿಸಕ್ಕೆಂದರು. ಮೂಲೆಯಲ್ಲಿ ನಿಂತಿದ್ದ ಹನುಮಯ್ಯನವರು ಒಂದು ಹೆಜ್ಜೆ ಮುಂದೆ ಬಂದರು, ಹಿಂದೆ ಹೋದರು, ಮತ್ತೆ ಬಂದರು.

"ಅಂಗಲ್ಲ ಮೇಡಂ. ಕೊಡಿ ಇಲ್ಲಿ."

ಚೆನ್ನಾಗಿ ಕುಲುಕಿದರು. ಒಳಗಿದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟರು. ಅದನ್ನು ಬಾಯಿಗಿಟ್ಟು ತುಟಿ ಬಿಗಿಯಾಗಿ ಮುಚ್ಚಿ, ಉಸಿರು ಎಳೆಯಲು ಶುರುಮಾಡಿದ ಕ್ಷಣಕ್ಕೆ ಸರಿಯಾಗಿ ಒತ್ತಿ, ನಿಧಾನವಾಗಿ ಎಳೆದು, ಬೆರಳು ಮಡಚುತ್ತಾ ಹತ್ತು ಎಣಿಸಿದರು. "ಚಿಕ್ಕ ಮಕ್ಳಿಗೆ ಇದು ಬರಲ್ಲ" ಎಂದು ಅರ್ಧ ಲೀಟರಿನ ನೀರಿನ ಬಾಟಲಿಯ ತಳಕ್ಕೆ ಇನ್‌ಹೇಲರಿನ ಬಾಯಿ ಕೂರುವಷ್ಟು ತೂತು ಕೊರೆದು, ಬಾಟಲಿಯ ಬಾಯಿಂದ ಉಸಿರಾಡಿ ತೋರಿಸಿದರು. ಔಷಧಿ ಬಾಟಲಿಯೊಳಗೆ ನಿಲ್ಲುತ್ತದೆ, ಮಗು ಒಂದೊಂದು ಸಲ ಒತ್ತಿದ್ದಕ್ಕೂ ನಾಲ್ಕು ಉಸಿರು ತೆಗೆದುಕೊಂಡರೆ ಸಾಕು ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಮಕ್ಕಳ ಮುಂದೆ ನನ್ನನ್ನು ತಿದ್ದಿದರಲ್ಲ ಎಂದು ನನಗೆ ಮೈ ಉರಿಯಿತು. ಅರ್ಧ ಗಂಟೆಯ ಪಾಠಕ್ಕೆ ಇಷ್ಟು ಕೈ ಪಳಗುವುದು ಹೇಗೆ ಎಂದು ಯೋಚಿಸುವ ಬುದ್ಧಿ ಆ ಉರಿಯಲ್ಲಿ ಎಲ್ಲಿಂದ ಬರಬೇಕು.

ಮರುದಿನ ಅಭಿನಯ. ರೋಗಿಯ ಪಾತ್ರಕ್ಕೆ ಮುತ್ತು ಎಂಬ ಹುಡುಗ ಎದ್ದು ಬಂದ. ಎದೆ ಹಿಡಿದುಕೊಂಡು ಮೂರು ಸುತ್ತು ಸುತ್ತಿ, ಸಿನಿಮಾದ ಕೇಡಿಯಂತೆ ಧೊಪ್ಪನೆ ಬಿದ್ದು ನಾಲಿಗೆ ಹೊರಹಾಕಿದ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಹನುಮಯ್ಯನವರು ಎಂದೂ ದನಿ ಏರಿಸಿದವರಲ್ಲ, ಅವತ್ತು ಗದರಿದರು.

"ಉಬ್ಬಸ ಬಂದೋರು ಮಲಗಲ್ಲ ಕಣ್ರೋ. ಮಲಗಾಕೇ ಆಗಲ್ಲ. ಮಲಗಿಸಿದ್ರೆ ಇನ್ನೂ ಕಷ್ಟ. ಕೂರಿಸಿ. ಮುಂದಕ್ಕೆ ಬಗ್ಗಿ ಕೂತ್ಕೊಳ್ಳಿ ಅನ್ನಿ. ಸುತ್ತ ಮುತ್ಕೋಬ್ಯಾಡಿ, ಎದರಿಸ್ಬ್ಯಾಡಿ. ಅವರು ಒಂದೊಂದೇ ಪದ ಮಾತಾಡ್ತಿದ್ರೆ ಜೋರಾಗಿದೆ ಅಂತ ತಿಳ್ಕೊಳ್ಳಿ."

ಆಗ ಹಿಂದಿನ ಬೆಂಚಿನಿಂದ ಶಿವಗಂಗಾ ಎದ್ದು ಬಂದಳು. ವಿಜಾಪುರದ ಕಡೆಯವರು, ತಂದೆ ಯಂಕಪ್ಪ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ, ತಾಯಿ ಮಲಕವ್ವ ಗಾರ್ಮೆಂಟ್ಸಿಗೆ. ಮಾತೇ ಆಡದ ಹುಡುಗಿ. ಕುರ್ಚಿಯ ತುದಿಯಲ್ಲಿ ಕೂತು, ಎರಡೂ ಕೈ ಮಂಡಿಯ ಮೇಲೆ ಊರಿ, ಭುಜ ಮೇಲೆತ್ತಿ ಎತ್ತಿ ಉಸಿರೆಳೆದಳು. ಕತ್ತಿನ ಗುಳಿ ಒಳಕ್ಕೆ ಹೋಗುತ್ತಿತ್ತು. "ನೀರು... ಬ್ಯಾಡ... ಕಿಟಕಿ" ಎಂದಳು. ಕ್ಲಾಸಿನಲ್ಲಿ ಒಬ್ಬರೂ ನಗಲಿಲ್ಲ. ಹನುಮಯ್ಯನವರ ಮುಖ ಕಪ್ಪಿಟ್ಟಿತು.

"ಎಲ್ಲಿ ನೋಡಿದ್ದೆ ಮಗಾ ಇದನ್ನ?" ಎಂದು ಆಮೇಲೆ ಮೆಲ್ಲಗೆ ಕೇಳಿದರು.

"ಎಲ್ಲಿ ಇಲ್ರೀ ಸರ. ಸುಮ್ನ ಮಾಡಿ ತೋರ್ಸೀನ್ರಿ" ಎಂದು ಹುಡುಗಿ ಓಡಿಹೋದಳು.

ಭಾನುವಾರ ಗಾರ್ಮೆಂಟ್ಸಿಗೆ ರಜ. ಅವಳ ಮನೆಗೆ ಹೋಗಿ ಬರೋಣ, ಹೆಣ್ಣುಮಗು ಇರೋ ಮನೆ, ನಾನೊಬ್ಬನೇ ಹೋದರೆ ಚೆನ್ನಾಗಿರಲ್ಲ, ನೀವೂ ಬನ್ನಿ ಎಂದು ಹನುಮಯ್ಯನವರು ಗೋಗರೆದರು. ಗೊಣಗಿಕೊಂಡೇ ಹೊರಟೆ. ಶೀಟಿನ ಮನೆಗಳ ವಠಾರ. ಮಲಕವ್ವ ಚಾಪೆ ಹಾಸಿ ಚಹಾ ಕೊಟ್ಟಳು. ವಿಷಯ ತೆಗೆದ ಕೂಡಲೇ ಮುಖ ಗಂಟಿಕ್ಕಿದಳು.

"ನಮ್ಮ ಹುಡುಗಿಗೆ ಏನಿಲ್ರಿ. ತಂಪಿಗೆ ಒಂದೀಟು ಕೆಮ್ಮತಾಳ, ಅಷ್ಟ."

ಹನುಮಯ್ಯನವರು ಬಿಡಲಿಲ್ಲ. ಡಾಕ್ಟರು ಏನಾದರೂ ಕೊಟ್ಟಿದ್ದಾರಾ, ಕೊಟ್ಟಿದ್ದರೆ ಶಾಲೆಯ ಚೀಲದಲ್ಲಿ ಇಟ್ಟು ಕಳಿಸಿ ಎಂದು ಮೂರು ನಾಲ್ಕು ಸಲ ಹೇಳಿದ ಮೇಲೆ, ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ಅವಳು ಒಂದು ಇನ್‌ಹೇಲರ್ ತೆಗೆದು ತೋರಿಸಿದಳು. ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು.

"ಈ ಪಂಪ ಒಮ್ಮೆ ಚಟಾ ಹತ್ತಿತಂದ್ರ ಸಾಯೋತನಕ ಬಿಡಂಗಿಲ್ಲಂತ್ರಿ. ನಾಳೆ ಹುಡುಗೀನ ನೋಡಾಕ ಬಂದೋರಿಗೆ ಏನಂತ ಹೇಳ್ಲಿ? ಚೀಲದಾಗ ಇದನ್ನ ಇಟ್ಕೊಂಡು ಓಡಾಡಿದ್ರ ಯಾರ ಮಾಡ್ಕೊಂತಾರ್ರೀ ಆಕೀನ?"

"ಅಂಗೇನಿಲ್ಲ ತಾಯಿ. ಇದು ಚಟ ಅಲ್ಲ, ಔಷ್ದಿ. ಎಷ್ಟೋ ಜನ ತಗೊಂಡು ಚೆನ್ನಾಗವ್ರೆ."

"ಎಲ್ಲಿ ಅದಾರ್ರೀ?" ಮಲಕವ್ವ ಇನ್‌ಹೇಲರನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಇದನ್ನ ಜಗ್ಗಿ, ಮೈ ಗಟ್ಟಿಯಾಗಿ, ದುಡಕೊಂಡು ತಿನ್ನೋರನ್ನ ಒಬ್ಬರನ್ನ ತೋರಸ್ರಿ. ನನ್ನ ಕಣ್ಣಾರೆ ನೋಡಬೇಕು. ಅವತ್ತ ನಾನ ಆಕೀ ಚೀಲದಾಗ ಹಾಕ್ತೀನಿ."

ಹನುಮಯ್ಯನವರು ಬಾಯಿ ತೆರೆದರು. ತೆರೆದವರು ನನ್ನ ಕಡೆ ನೋಡಿದರು. ಹಾಗೇ ಮುಚ್ಚಿದರು. ಲೋಟ ಕೆಳಗಿಟ್ಟು, "ಬರ್ತೀವಿ ತಾಯಿ" ಎಂದು ಎದ್ದೇಬಿಟ್ಟರು.

ದಾರಿಯಲ್ಲಿ ದಡದಡ ನಡೆದರು. ನಾನು ಹಿಂದೆ ಬೈಯುತ್ತಾ ಓಡುತ್ತಿದ್ದೆ, ಆ ಹೆಂಗಸಿನ ತಲೆಯಲ್ಲಿ ಏನು ತುಂಬಿದೆ, ನೀವಾದರೂ ಸರಿಯಾಗಿ ಉತ್ತರ ಕೊಡಬಾರದಿತ್ತೇ ಎಂದು. ಮೆಟ್ರೋ ಕಂಬಕ್ಕೆ ನೆಲ ಕೊರೆಯುತ್ತಿದ್ದರು, ಸಿಮೆಂಟಿನ ಧೂಳು ಮುಖಕ್ಕೆ ರಪ್ಪೆಂದು ಹೊಡೆಯಿತು. ಹನುಮಯ್ಯನವರು ನಿಂತರು. ತಗಡಿನ ತಡೆಗೋಡೆಗೆ ಎರಡೂ ಕೈ ಊರಿ ಬಗ್ಗಿದರು. ಭುಜ ಏರಿ ಇಳಿಯುತ್ತಿತ್ತು. ಎದೆಯೊಳಗಿಂದ ಕೊಳಲಿನಂಥ ಸಣ್ಣ ಶಬ್ದ ನನಗೂ ಕೇಳಿತು. ನನಗೆ ಬೆನ್ನು ತೋರಿಸಿ ನಿಂತು ಜೇಬಿನಿಂದ ಏನೋ ತೆಗೆದರು. ಕೈ ಬಾಯಿಗೆ ಅಡ್ಡ, ತಲೆ ಮೇಲಕ್ಕೆ, ಉಸಿರು ಹಿಡಿದು ಹತ್ತು ಎಣಿಕೆ. ಟ್ಯಾಂಕಿನ ಹಿಂದೆ ನಾನು ಕಂಡ ಭಂಗಿ ಅದೇ.

"ಅದು ಏನ್ರೀ ಹನುಮಯ್ಯ?" ಎಂದೆ. ಗೊತ್ತಾಗಿಯೂ ಕೇಳಿದೆ.

ಇನ್ನೊಂದು ಸಲ ಎಳೆದು, ಸ್ವಲ್ಪ ಹೊತ್ತು ಬಿಟ್ಟು ತಿರುಗಿದರು. ಕಣ್ಣಲ್ಲಿ ನೀರಿತ್ತು, ಧೂಳಿನದೋ ಏನೋ.

"ಬೀಡಿ ಮೇಡಂ. ನೀವೇ ಹೇಳಿದ್ರಲ್ಲ."

ಅದೇ ತಡೆಗೋಡೆಯ ಪಕ್ಕ ನಿಂತು ಎಲ್ಲವನ್ನೂ ಹೇಳಿದರು. ಕೆಲಸ ಸಿಗುವ ಮೊದಲು ಎರಡು ವರ್ಷ ಲೋಹಕ್ಕೆ ಲೇಪ ಹಾಕುವ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಆ್ಯಸಿಡ್ ತೊಟ್ಟಿಯ ಮುಂದೆ ನಿಂತು ದುಡಿದಿದ್ದರಂತೆ. ಶಾಲೆಗೆ ಸೇರಿದ ಎರಡನೇ ವರ್ಷ ಉಬ್ಬಸ ಶುರುವಾಯಿತು. ಹೆಂಡತಿಯ ಹೊರತು ಯಾರಿಗೂ ಹೇಳಿರಲಿಲ್ಲ. ಮಕ್ಕಳು ಆಡಿ ತೋರಿಸಿ ಸಾರ್ ಎಂದರೆ ಮಂಡಿನೋವು ಎನ್ನುತ್ತಿದ್ದರು.

"ಉಸಿರಿನ ಮೇಲೇ ನನ್ಗೆ ಕೆಲ್ಸ ಕೊಟ್ಟಿದ್ದು ಮೇಡಂ. ಉಸ್ರೇ ಇಲ್ದೋನು ಪಿ.ಟಿ. ಮೇಷ್ಟ್ರಾ ಅಂತಾರೆ. ಜೂನ್‌ಗೆ ಮೆಡಿಕಲ್ ಸರ್ಟಿಫಿಕೇಟ್ ಕೇಳ್ತಾರೆ, ನಮ್ಮ ಡಾಕ್ಟ್ರು ಕೊಡ್ತೀನಿ ಅಂದವ್ರೆ, ನಾನು ಓಡಬಲ್ಲೆ, ಕಲಿಸಬಲ್ಲೆ, ಎಲ್ಲಾ ಸರಿ. ಆದ್ರೆ ಕಾರ್ಯದರ್ಶಿಗಳಿಗೆ ಮೊದ್ಲೇ ಗೊತ್ತಾದ್ರೆ ಸರ್ಟಿಫಿಕೇಟ್ ಯಾರು ನೋಡ್ತಾರೆ? ಬೀಡಿ ಅಂದ್ರೆ ಬಿಡ್ತೀನಿ ಅಂತ ಬರ್ಕೊಡಬಹುದು. ಇದನ್ನ ಬಿಡ್ತೀನಿ ಅಂತ ಎಂಗೆ ಬರ್ಕೊಡ್ಲಿ?"

ನಾಳೆಯೇ ನಂಜಪ್ಪನವರ ಹತ್ತಿರ ಹೋಗಿ ದೂರು ವಾಪಸು ತಗೊಳ್ತೀನಿ ಎಂದೆ. ಅವರು ಕೈ ಮುಗಿದರು.

"ದಮ್ಮಯ್ಯ, ಬ್ಯಾಡಿ. ಬೀಡಿ ಅಲ್ಲ ಅಂದ್ರೆ ಮತ್ತಿನ್ನೇನು ಅಂತ ಕೇಳ್ತಾರೆ. ಜೂನ್ ತನ್ಕ ಬಾಯಿ ಬಿಡಬ್ಯಾಡಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಜ್ಜಿ ನನಗೆಂದೇ ಹೇಳುತ್ತಿದ್ದಳೇನೋ. ಆ ವಾರವೆಲ್ಲ ನಾನು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತರೆ ಎದ್ದು ಹೋಗಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತೋಚುತ್ತಿರಲಿಲ್ಲ. ಇದ್ದಬದ್ದ ಮಕ್ಕಳನ್ನೆಲ್ಲ ಬೈದೆ. ಮಲಕವ್ವ ಕೇಳಿದ ಪ್ರಶ್ನೆಗೆ ಉತ್ತರ ಅವಳ ಚಾಪೆಯ ಮೇಲೇ ಕೂತಿತ್ತು, ನನಗೆ ಹೆದರಿ ಆ ಉತ್ತರ ಬಾಯಿ ಮುಚ್ಚಿಕೊಂಡಿತು.

ಶನಿವಾರ ಬಂತು. ಮೈದಾನದಲ್ಲಿ ಶಾಮಿಯಾನ, ಮುಂದಿನ ಸಾಲಿನಲ್ಲಿ ಕಾರ್ಯದರ್ಶಿಗಳು, ನಂಜಪ್ಪನವರು, ಆರೋಗ್ಯ ಕೇಂದ್ರದ ಲೇಡಿ ಡಾಕ್ಟರ್. ರೋಗಿಯ ಪಾತ್ರವನ್ನು ಹನುಮಯ್ಯನವರು ಮತ್ತೆ ಮುತ್ತುವಿಗೇ ಕೊಟ್ಟಿದ್ದರು, ಶಿವಗಂಗಾಳ ಗುಟ್ಟು ಬಯಲಾಗದಿರಲೆಂದು. ಆದರೆ ಕ್ಲಾಸಿನಲ್ಲಿ ಅವಳು ಮಾಡಿ ತೋರಿಸಿದ ಸುದ್ದಿ ವಠಾರ ಮುಟ್ಟಿತ್ತು. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಸರಿಯಾಗಿ ಮಲಕವ್ವ ಗಾರ್ಮೆಂಟ್ಸಿನ ಐಡಿ ಕಾರ್ಡು ಕೊರಳಲ್ಲಿರುವಂತೆಯೇ ಗೇಟು ದಾಟಿ ಬಂದಳು.

"ನನ್ನ ಮಗಳ ಹೆಸರ ಕೆಡಸಾಕ ನಿಂತೀರೇನ್ರಿ? ಬ್ಯಾನಿ ಬಂದಾಕಿ ವೇಷ ಹಾಕಸ್ತೀರಿ? ನಡೀ ಶಿವಗಂಗಾ. ಸಾಲೀನೂ ಬ್ಯಾಡ, ಏನೂ ಬ್ಯಾಡ."

ಸಾಲಿನಲ್ಲಿ ಕೂತಿದ್ದ ಹುಡುಗಿಯ ರಟ್ಟೆ ಹಿಡಿದು ಎಳೆದಳು. ಹುಡುಗಿ ಬರಲ್ಲವ್ವಾ ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅಳು ಅರ್ಧಕ್ಕೆ ನಿಂತಿತು. ಬಗ್ಗಿದಳು. ಎರಡೂ ಕೈ ಮಂಡಿಯ ಮೇಲೆ, ಭುಜ ಮೇಲಕ್ಕೆ. ಮಲಕವ್ವ ಸೆರಗಿನಿಂದ ಅವಳ ಮುಖ ಮುಚ್ಚಿ, "ಏನಿಲ್ರಿ, ಅಳಾಕತ್ತಾಳ, ಅಷ್ಟ" ಎಂದು ಸುತ್ತಲೂ ನೋಡಿದಳು. ನಾನು ಮೊಬೈಲ್ ತೆಗೆದು 108ಕ್ಕೆ ಫೋನು ಮಾಡಿದೆ.

ಆಮೇಲೆ ನಡೆದದ್ದನ್ನು ನಾನು ಕಲಿಸಿದೆನೆಂದು ಹೇಳಿಕೊಳ್ಳಲಾರೆ. ಮುತ್ತು ಓಡಿಹೋಗಿ ಮುಂದಿನ ಸಾಲಿನಿಂದ ಒಂದು ಕುರ್ಚಿ ಎಳೆದುಕೊಂಡು ಬಂದ. ಅದು ಮೈಕಿಗೆಂದು ಎದ್ದು ನಿಂತಿದ್ದ ಕಾರ್ಯದರ್ಶಿಗಳ ಕುರ್ಚಿ. ರಾಣಿ, ಲಾವಣ್ಯ ಎಂಬ ಇಬ್ಬರು ಹುಡುಗಿಯರು ಶಿವಗಂಗಾಳನ್ನು ಅದರಲ್ಲಿ ಕೂರಿಸಿ, ಮುಂದಕ್ಕೆ ಬಗ್ಗಿಸಿ, ಮುಖದ ಮೇಲಿದ್ದ ಸೆರಗು ಸರಿಸಿದರು. ಹುಡುಗರು ಕೈಕೈ ಹಿಡಿದು ಜನರನ್ನು ಹಿಂದಕ್ಕೆ ತಳ್ಳಿದರು. ತೂತು ಕೊರೆದ ಬಾಟಲಿ ಬಂತು. ಇನ್‌ಹೇಲರ್ ಬರಲಿಲ್ಲ, ಮೇಜಿನ ಮೇಲಿದ್ದದ್ದು ಔಷಧವಿಲ್ಲದ್ದು. ಡಾಕ್ಟರ್ ತಮ್ಮ ಕಾರಿನ ಕಡೆ ಓಡಿದರು, ಕಾರು ಗೇಟಿನಾಚೆ ಎಲ್ಲೋ ಇತ್ತು.

ಹನುಮಯ್ಯನವರು ಹುಡುಗಿಯ ಮುಂದೆ ಮಂಡಿಯೂರಿ ಕೂತರು. ಜೇಬಿನಿಂದ ತಮ್ಮದನ್ನು ತೆಗೆದರು. ಮಲಕವ್ವ ಅವರ ಕೈ ಹಿಡಿದುಬಿಟ್ಟಳು.

"ಬ್ಯಾಡ್ರಿ ಸರ. ಚಟಾ ಹತ್ತತೈತಿ. ಕೈ ಮುಗೀತೀನಿ."

ಹನುಮಯ್ಯನವರು ಒಮ್ಮೆ ತಲೆ ಎತ್ತಿ ಕಾರ್ಯದರ್ಶಿಗಳನ್ನು ನೋಡಿದರು. ನಾನು ನೋಡುತ್ತಲೇ ಇದ್ದೆ. ಎಲ್ಲರ ಮುಂದೆ ಅದನ್ನು ತಮ್ಮ ಬಾಯಿಗಿಟ್ಟುಕೊಂಡು ಒತ್ತಿ, ಎಳೆದು, ಬಿಟ್ಟರು.

"ನೋಡು ತಾಯಿ. ಒಬ್ಬರನ್ನ ತೋರ್ಸು ಅಂದ್ಯಲ್ಲ, ನಾನೇ ಅವ್ನು. ಹನ್ನೊಂದು ವರ್ಷದಿಂದ ತಗೊಳ್ತಿವ್ನಿ. ಮದ್ವೆ ಆಗೈತೆ, ಎರಡು ಮಕ್ಳವ್ರೆ, ದಿನಾ ಮೈದಾನದಾಗೆ ದುಡೀತಿವ್ನಿ. ಕೈ ಬಿಡು."

ಮಲಕವ್ವ ಕೈ ಬಿಟ್ಟಳು. ಅವರು ಇನ್‌ಹೇಲರಿನ ಬಾಯಿ ಒರೆಸಿ ಬಾಟಲಿಗೆ ಕೂರಿಸಿದರು. ಒಂದು ಸಲ ಒತ್ತು, ನಾಲ್ಕು ಉಸಿರು. ಮತ್ತೊಂದು ಸಲ, ನಾಲ್ಕು ಉಸಿರು. ಹೀಗೆ ನಾಲ್ಕು ಸಲ. ಮುತ್ತು ಗಡಿಯಾರ ಹಿಡಿದು ನಾಲ್ಕು ನಿಮಿಷ ಕಾದ, ಆಮೇಲೆ ಮತ್ತೆ ಅಷ್ಟೇ. ಎರಡನೇ ಸುತ್ತು ಮುಗಿಯುವ ಹೊತ್ತಿಗೆ ಹುಡುಗಿಯ ಭುಜ ಇಳಿಯಿತು. "ಅವ್ವಾ, ಅಳಬ್ಯಾಡ, ಈಗ ಉಸರಾಡಾಕ ಬರಾಕತ್ತೈತಿ" ಎಂದಳು. ಒಂದು ಪೂರ್ತಿ ವಾಕ್ಯ. ಆಂಬುಲೆನ್ಸ್ ಬಂದು ತಾಯಿ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಿತು.

ಡಾಕ್ಟರ್ ಮೈಕಿನಲ್ಲಿ ಹನುಮಯ್ಯನವರನ್ನೂ ಮಕ್ಕಳನ್ನೂ ಬಾಯಿತುಂಬ ಹೊಗಳಿದರು. ಕಾರ್ಯದರ್ಶಿಗಳು ತುಟಿಯಲ್ಲಿ ಮಾತ್ರ ನಕ್ಕರು. ಸೋಮವಾರ ಮಲಕವ್ವ ಕೆಲಸಕ್ಕೆ ಹೋಗುವ ಮೊದಲು ಶಾಲೆಗೆ ಬಂದು, ನಮ್ಮೆದುರೇ ಮಗಳ ಚೀಲಕ್ಕೆ ಇನ್‌ಹೇಲರ್ ಹಾಕಿದಳು. ಆ ವಾರದಲ್ಲಿ ಒಬ್ಬೊಬ್ಬರಾಗಿ ಇನ್ನೂ ಆರು ಮಕ್ಕಳು ಹನುಮಯ್ಯನವರ ಹತ್ತಿರ ಬಂದು, ಸಾರ್ ನನಗೂ ಇದೆ ಎಂದವು. ಅದರಲ್ಲಿ ಒಬ್ಬಳು ಮೂರು ವರ್ಷದಿಂದ ನನ್ನ ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂರುತ್ತಿದ್ದವಳು. ನನಗೆ ಹೇಳಲು ಅವಳಿಗೆ ಹೆದರಿಕೆಯಾಗಿತ್ತಂತೆ.

ಜೂನ್‌ನಲ್ಲಿ ಆಡಳಿತ ಮಂಡಳಿಯ ಸಭೆ. ಗುಟ್ಟು ಹೊರಬಿದ್ದ ಮೇಲೆ ಬೀಡಿಯ ದೂರು ತಾನಾಗಿಯೇ ಬಿದ್ದುಹೋಯಿತೆಂದು ನಾನು ನಂಬಿದ್ದೆ. ಉಬ್ಬಸದ ಮಾತನ್ನು ಯಾರೂ ಎತ್ತಲಿಲ್ಲ, ಡಾಕ್ಟರ್ ಹೊಗಳಿದ್ದನ್ನು ಊರೇ ಕೇಳಿತ್ತಲ್ಲ. ಕಾರ್ಯದರ್ಶಿಗಳು ಫೈಲಿನಿಂದ ಆ ಕಾಗದ ತೆಗೆದರಂತೆ, ಶಾಲೆಯ ಆವರಣದಲ್ಲಿ ಬೀಡಿ ಸೇದಿದ್ದಾಗಿ ಸ್ವತಃ ಬರೆದುಕೊಟ್ಟಿದ್ದಾರೆ, ಇಂಥವರನ್ನು ಖಾಯಂ ಮಾಡುವುದು ಹೇಗೆ ಎಂದು. ಸುದ್ದಿ ಕಿವಿಗೆ ಬಿದ್ದದ್ದೇ ನಾನು ಬಾಗಿಲು ತಟ್ಟದೆ ಸಭೆಗೇ ನುಗ್ಗಿದೆ.

"ಆ ದೂರು ಕೊಟ್ಟಿದ್ದು ನಾನು ಸಾರ್. ಅದು ತಪ್ಪು ದೂರು. ಅವರು ಸೇದಿದ್ದು ಬೀಡಿ ಅಲ್ಲ, ಔಷಧಿ."

ಕಾರ್ಯದರ್ಶಿಗಳು ಸ್ವಲ್ಪವೂ ಕೋಪ ಮಾಡಿಕೊಳ್ಳಲಿಲ್ಲ. "ಹಾಗಾದ್ರೆ ಅವರು ಸುಳ್ಳು ಬರೆದು ಸಹಿ ಹಾಕಿದ್ದಾರೆ ಅಂತಾಯ್ತು. ಸೇದಿದ್ರೆ ಶಿಸ್ತಿಲ್ಲ, ಸೇದಿಲ್ಲ ಅಂದ್ರೆ ಸುಳ್ಳುಗಾರ. ಯಾವುದನ್ನ ಬರ್ಕೊಳ್ಳೋಣ ಟೀಚರ್, ನೀವೇ ಹೇಳಿ."

ಅತ್ತ ದರಿ, ಇತ್ತ ಪುಲಿ. ನಾನು ಕ್ಲಾಸಿನಲ್ಲಿ ಕೂಗುವಂತೆ ಕೂಗಿದೆ, ಮೇಜು ಗುದ್ದಿದೆ. ನಂಜಪ್ಪನವರು ನೆಲ ನೋಡುತ್ತಿದ್ದರು. ಇಷ್ಟು ವರ್ಷ ಸಾಕಿದ ಕೋಪ ಬೇಕಾದ ದಿನ ಏನಕ್ಕೂ ಬರಲಿಲ್ಲ. ಖಾಯಂ ಹುದ್ದೆ ಅಣ್ಣನ ಮಗನಿಗೆ ಹೋಯಿತು. ಹನುಮಯ್ಯನವರನ್ನು ಇನ್ನೊಂದು ವರ್ಷಕ್ಕೆ ತಾತ್ಕಾಲಿಕವಾಗಿ ಇಟ್ಟುಕೊಂಡರು, ಹೊಸ ಮೇಷ್ಟ್ರಿಗೆ ಸಹಾಯಕರಾಗಿ.

ಹೇಳಲು ಮೈದಾನಕ್ಕೆ ಹೋದೆ. ಹನುಮಯ್ಯನವರು ಬಕೆಟ್ಟು ಹಿಡಿದು ಸುಣ್ಣದ ಗೆರೆ ಎಳೆಯುತ್ತಿದ್ದರು. ನನ್ನ ಮುಖ ನೋಡಿಯೇ ಗೊತ್ತಾಯಿತು. ಬಕೆಟ್ಟು ಕೆಳಗಿಟ್ಟರು. ತಪ್ಪಾಯಿತು ಹನುಮಯ್ಯ ಎಂದೆ. ಆ ಮಾತು ನನ್ನ ಜನ್ಮದಲ್ಲಿ ಎಷ್ಟು ಸಲ ಆಡಿದ್ದೇನೋ, ಬೆರಳೆಣಿಕೆ. ಅವರಿಗೆ ನನ್ನ ಮೇಲೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ದನಿ ಏರಲಿಲ್ಲ, ತಗ್ಗಿತು.

"ಆವತ್ತು ನೀವು ನೇರ ನನ್ನತ್ರ ಬಂದು, ಏನು ಹನುಮಯ್ಯ ಅದು, ಅಂತ ಒಂದ್ ಮಾತು ಕೇಳಬೋದಿತ್ತು ಮೇಡಂ."

"ಕೇಳಿದ್ರೆ ನಿಜ ಹೇಳ್ತಿದ್ರಾ?"

ಅವರು ಸುಣ್ಣದ ಕೈಗಳನ್ನು ನೋಡಿಕೊಂಡರು. ಆ ಮನುಷ್ಯನಿಗೆ ಇನ್ನು ಸುಳ್ಳು ಹೇಳುವ ಅಗತ್ಯವಿರಲಿಲ್ಲ.

"ಇಲ್ಲ, ಹೇಳ್ತಿರ್ಲಿಲ್ಲ. ಆದ್ರೂ ನೀವು ಕೇಳಬೇಕಿತ್ತು."

ಗಂಟೆ ಹೊಡೆಯಿತು. ಅವರು ಬಕೆಟ್ಟು ಎತ್ತಿಕೊಂಡು ಉಳಿದ ಗೆರೆ ಎಳೆಯಲು ಹೋದರು.